ಸಿಬಿಲ್‌ನಂಥ ಮಗಳು ಆ ಕಾಲದ ದೊಡ್ಡಮನೆಯಲ್ಲಿ ಹುಟ್ಟಲು ಸಾಧ್ಯವಿತ್ತೇ?

ಪ್ರಶ್ನೆ: ಮೇಡಂ, ನಾನೂ ನಮ್ಮತ್ತೆಯೂ ರಾತ್ರಿ ಊಟವಾದ ಮೇಲೆ ‘ಡೌನ್‌ಟನ್ ಅಬೀ’ ನೋಡುತ್ತೇವೆ. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಮೂರನೆಯ ಸೀಸನ್ನಿನಲ್ಲಿ ಕಿರಿಮಗಳು ಸಿಬಿಲ್ ಹೆರಿಗೆಯಾಗಿ ಸತ್ತ ರಾತ್ರಿ ಇಬ್ಬರೂ ಅತ್ತುಬಿಟ್ಟೆವು. ಮಾರನೇ ದಿನ ಅತ್ತೆ, “ಅಂಥಾ ದೊಡ್ಡಮನೇಲಿ ಇಂಥಾ ಒಳ್ಳೇ ಹುಡುಗಿ ಹುಟ್ಟೋದು ಕಥೇಲಿ ಮಾತ್ರ ಕಣೆ” ಅಂದರು. ಹೌದೇ? ಅರ್ಲ್ ಮಗಳು ನರ್ಸ್ ಕೆಲಸಕ್ಕೆ ಹೋಗುವುದು, ಮನೆಯ ಕಾರು ಡ್ರೈವರನ್ನೇ ಮದುವೆಯಾಗುವುದು ಆಗ ನಡೆಯುತ್ತಿತ್ತೇ? ಅವಳನ್ನು ಉಳಿಸಿಕೊಳ್ಳಬಹುದಿತ್ತೇ? ನನ್ನ ನಾದಿನಿ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಆ ಎಪಿಸೋಡ್ ನೋಡಿದ ಮೇಲೆ ಅತ್ತೆ ದಿನಾ ಬೆಳಿಗ್ಗೆ ಅವಳ ಕಾಲು ಒತ್ತಿ ನೋಡುತ್ತಿದ್ದಾರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮತ್ತೆ ಹೇಳಿದ್ದು ಅರ್ಧ ಸರಿ. ಯಾವ ಅರ್ಧ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತು ಬಳಸಿ ಬರಬೇಕು. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲೆಂಡಿನ ಇತಿಹಾಸ ಪಾಠ ಹೇಳಿದವಳ ಚಾಳಿ, ಸಹಿಸಿಕೊಳ್ಳಿ.

ಧಾರಾವಾಹಿ ನೋಡದವರಿಗೆ ನಾಲ್ಕು ಮಾತು. ಜೂಲಿಯನ್ ಫೆಲೋಸ್ ಬರೆದ ಈ ಕಥೆ ಬ್ರಿಟನ್ನಿನ ಐಟಿವಿಯಲ್ಲಿ 2010ರ ಸೆಪ್ಟೆಂಬರಿನಿಂದ 2015ರ ಕ್ರಿಸ್‌ಮಸ್‌ವರೆಗೆ ಆರು ಸೀಸನ್ ಬಂತು. 1912ರಲ್ಲಿ ಟೈಟಾನಿಕ್ ಮುಳುಗಿದ ಸುದ್ದಿಯೊಂದಿಗೆ ಕಥೆ ಶುರುವಾಗುತ್ತದೆ. ಯಾರ್ಕ್‌ಷೈರಿನ ಒಬ್ಬ ಅರ್ಲ್ (ದೊಡ್ಡ ಬಿರುದಿನ ಪ್ರಭು), ಅಮೆರಿಕದಿಂದ ಬಂದ ಹೆಂಡತಿ, ಮೂವರು ಹೆಣ್ಣುಮಕ್ಕಳು. ಗಂಡು ಸಂತಾನವಿಲ್ಲ, ಹಾಗಾಗಿ ಬಿರುದೂ ಆಸ್ತಿಯೂ ದೂರದ ದಾಯಾದಿಯ ಪಾಲು. ಹಿರಿಯವಳು ಮೇರಿಗೆ ಬಿಗುಮಾನ, ನಡುವಿನವಳು ಈಡಿತ್‌ಗೆ ಕೊರಗು, ಕಿರಿಯವಳು ಸಿಬಿಲ್‌ಗೆ ಕರುಣೆ. ಮೊದಮೊದಲು ಪ್ರಸಾದ ಹಂಚಿದ ಹಾಗೆ ಒಬ್ಬೊಬ್ಬಳಿಗೆ ಒಂದೊಂದು ಗುಣ ಹಂಚಿದ್ದಾರೆ ಅನ್ನಿಸುತ್ತದೆ. ಸಿಬಿಲ್ ಪಾತ್ರ ಮಾಡಿದವರು ಜೆಸಿಕಾ ಬ್ರೌನ್ ಫಿಂಡ್ಲೆ.

ಆದರೆ ಫೆಲೋಸ್ ಒಂದು ಜಾಣತನ ಮಾಡಿದ್ದಾರೆ. ಸಿಬಿಲ್‌ಳ ಒಳ್ಳೆಯತನವನ್ನು ಕಣ್ಣೀರಿನಲ್ಲಿ ತೋರಿಸುವುದಿಲ್ಲ, ಕೆಲಸದಲ್ಲಿ ತೋರಿಸುತ್ತಾರೆ. ಮೊದಲ ಸೀಸನ್ನಿನ ಗ್ವೆನ್ ನೆನಪಿದೆಯಲ್ಲ? ಮನೆಗೆಲಸದ ಹುಡುಗಿ, ಸಂಬಳದಲ್ಲಿ ಉಳಿಸಿ ಟೈಪ್‌ರೈಟರ್ ಕೊಂಡು, ಅಂಚೆಯ ಮೂಲಕ ಶಾರ್ಟ್‌ಹ್ಯಾಂಡ್ ಕಲಿತು ಸೆಕ್ರೆಟರಿಯಾಗಬೇಕು ಅಂತ ಹೊರಟವಳು. ಕೆಳಗಿನ ಅಡುಗೆಮನೆಯವರೇ ಅವಳನ್ನು ನೋಡಿ ನಕ್ಕರು. ಸಿಬಿಲ್ ಮಾತ್ರ ಪತ್ರಿಕೆಯಲ್ಲಿ ಜಾಹೀರಾತು ಹುಡುಕಿದಳು, ಶಿಫಾರಸು ಪತ್ರ ಬರೆದಳು, ಸಂದರ್ಶನಕ್ಕೆ ತಾನೇ ಗಾಡಿ ಹೊಡೆದುಕೊಂಡು ಕರೆದೊಯ್ದಳು. ವಾಪಸು ಬರುವಾಗ ಕುದುರೆಯ ಲಾಳ ಕಳಚಿ ಇಬ್ಬರೂ ಕೆಸರಲ್ಲಿ ನಡೆದೇ ಬಂದರು. ಕೊನೆಗೆ ಮನೆಗೆ ಟೆಲಿಫೋನ್ ಹಾಕಲು ಬಂದ ಕಂಪನಿಯವನಿಗೆ ಒಬ್ಬ ಸೆಕ್ರೆಟರಿ ಬೇಕು ಅಂತ ಗೊತ್ತಾದಾಗ ಗ್ವೆನ್ ಹೆಸರು ಅವನ ಕಿವಿಗೆ ಹಾಕಿದವಳೂ ಸಿಬಿಲ್ಲೇ. 1911ರ ಜನಗಣತಿಯಲ್ಲಿ ಇಂಗ್ಲೆಂಡು, ವೇಲ್ಸಿನ ಹೆಂಗಸರಲ್ಲಿ ಸುಮಾರು ಹದಿಮೂರು ಲಕ್ಷ ಮಂದಿ ಮನೆಗೆಲಸದವರು. ದುಡಿಯುವ ಹೆಣ್ಣುಮಕ್ಕಳು ಬೇರೆ ಯಾವ ಕೆಲಸದಲ್ಲೂ ಇಷ್ಟು ಸಂಖ್ಯೆಯಲ್ಲಿ ಇರಲಿಲ್ಲ. ಆ ಹದಿಮೂರು ಲಕ್ಷದಲ್ಲಿ ಒಬ್ಬಳನ್ನು ಹೊರಗೆ ದಾಟಿಸಲು ಅರ್ಲ್ ಮಗಳೊಬ್ಬಳು ವರ್ಷಗಟ್ಟಲೆ ಹೆಣಗಬೇಕಾಯಿತು ಅನ್ನುವುದೇ ಆ ಕಥೆಯಲ್ಲಿ ನನಗೆ ಹಿಡಿಸಿದ ಸತ್ಯ.

ಇನ್ನೊಂದನ್ನೂ ಗಮನಿಸಿ. ಆ ಶಿಫಾರಸು ಪತ್ರಕ್ಕೆ ಬೆಲೆ ಬಂದದ್ದು ಕೆಳಗೆ ‘ಲೇಡಿ ಸಿಬಿಲ್ ಕ್ರಾಲಿ’ ಅಂತ ಸಹಿ ಇದ್ದದ್ದರಿಂದ. ಅವಳ ಪ್ರತಿ ಒಳ್ಳೆಯ ಕೆಲಸಕ್ಕೂ ಬೆನ್ನಿಗೆ ಆ ಅಂತಸ್ತು ನಿಂತಿರುತ್ತದೆ. ಊಟಕ್ಕೆ ಪ್ಯಾರಿಸ್ ಮಾದರಿಯ ಪೈಜಾಮ ತೊಟ್ಟು ಬಂದರೆ ಅಜ್ಜಿ ಹುಬ್ಬೇರಿಸುತ್ತಾಳೆ, ಅಷ್ಟೇ. ರಿಪನ್ ಪಟ್ಟಣದ ಚುನಾವಣೆಯ ಗಲಾಟೆಯಲ್ಲಿ ತಲೆಗೆ ಪೆಟ್ಟು ಬಿದ್ದರೆ ಎತ್ತಿಕೊಂಡು ಹೋಗಲು ಇಬ್ಬರು ಗಂಡಸರು, ಕಾರು ಸಿದ್ಧ. ಅದೇ ಗಲಾಟೆಯಲ್ಲಿ ಗ್ವೆನ್ ಬಿದ್ದಿದ್ದರೆ? ಮಾರನೇ ದಿನ ಕೆಲಸದಿಂದ ತೆಗೆಯುತ್ತಿದ್ದರು. ಒಳ್ಳೆಯತನ ಸಿಬಿಲ್‌ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಖರ್ಚು ಸಂದಾಯವಾಗುತ್ತಿದ್ದದ್ದು ಅಪ್ಪನ ಖಾತೆಯಿಂದ.

ನರ್ಸ್ ವಿಷಯಕ್ಕೆ ಬರೋಣ. ಇದರಲ್ಲಿ ಧಾರಾವಾಹಿ ಇತಿಹಾಸಕ್ಕೆ ತೀರ ಹತ್ತಿರ. 1909ರಲ್ಲಿ ಬ್ರಿಟನ್ನಿನಲ್ಲಿ ಗಾಯಾಳುಗಳ ಆರೈಕೆಗೆಂದು ಸ್ವಯಂಸೇವಕರ ದಳಗಳನ್ನು ಕಟ್ಟಿದರು, ‘ವಿಎಡಿ’ ಅಂತಲೇ ಕರೆಯುತ್ತಿದ್ದರು. 1914ರ ಬೇಸಿಗೆಯ ಹೊತ್ತಿಗೆ 2,500ಕ್ಕೂ ಹೆಚ್ಚು ದಳ, ಸುಮಾರು 74,000 ಮಂದಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಶುರುವಿನಲ್ಲಿ ಸಂಬಳವಿಲ್ಲ, ಆಮೇಲೆ ಮಿಲಿಟರಿ ಆಸ್ಪತ್ರೆಗಳಲ್ಲಿ ವರ್ಷಕ್ಕೆ 20 ಪೌಂಡು. ಸಂಬಳವಿಲ್ಲದೆ ದುಡಿಯಬೇಕಾದರೆ ಮನೆಯಲ್ಲಿ ಅನ್ನಕ್ಕೆ ದಾರಿ ಇರಬೇಕಲ್ಲ? ಹಾಗಾಗಿ ಅನುಕೂಲಸ್ಥರ ಮನೆಯ ಹುಡುಗಿಯರೇ ಅಲ್ಲಿ ತುಂಬಿಕೊಂಡರು. ರಟ್‌ಲ್ಯಾಂಡ್ ಡ್ಯೂಕ್‌ನ ಮಗಳು ಲೇಡಿ ಡಯಾನಾ ಮ್ಯಾನರ್ಸ್, ಅಮ್ಮ ಬೇಡವೆಂದು ಹಟ ಹಿಡಿದರೂ ಲಂಡನ್ನಿನ ಗೈಸ್ ಆಸ್ಪತ್ರೆಗೆ ಸೇರಿದಳು. ಪತ್ತೇದಾರಿ ಕಥೆಗಳ ಅಗಾಥಾ ಕ್ರಿಸ್ಟಿ ಟಾರ್ಕಿಯ ಆಸ್ಪತ್ರೆಯಲ್ಲಿ ಗಾಯ ತೊಳೆದು, ಆಮೇಲೆ ಅಲ್ಲಿನ ಔಷಧಿ ವಿಭಾಗದಲ್ಲಿ ವಿಷಗಳ ಪರಿಚಯ ಮಾಡಿಕೊಂಡಳು. ಇನ್ನು ನೀವು ಪರದೆಯ ಮೇಲೆ ನೋಡುವ ಆ ಮನೆ. ಕಥೆಯಲ್ಲಿ ಯಾರ್ಕ್‌ಷೈರಿನದು, ಕಟ್ಟಡ ನಿಜವಾಗಿ ಇರುವುದು ಹ್ಯಾಂಪ್‌ಷೈರಿನ ಹೈಕ್ಲಿಯರ್‌ನಲ್ಲಿ. ಅಲ್ಲಿನ ಕೌಂಟೆಸ್ ಅಲ್ಮೀನಾ 1914ರಲ್ಲಿ ಆ ಬಂಗಲೆಯನ್ನೇ ಸೈನಿಕರ ಆಸ್ಪತ್ರೆ ಮಾಡಿದ್ದಳು. ಅವಳ ಗಂಡನೇ ಈಜಿಪ್ಟಿನಲ್ಲಿ ಪ್ರಾಚೀನ ದೊರೆ ಟುಟಾಂಖಾಮನ್‌ನ ಗೋರಿ ಅಗೆಯಲು ದುಡ್ಡು ಸುರಿದ ಕಾರ್ನಾರ್ವನ್ ಪ್ರಭು.

ಟ್ರೈನಿಂಗಿಗೆ ಹೋಗುವ ಮುನ್ನ ಸಿಬಿಲ್ ಅಡುಗೆಮನೆಗೆ ಇಳಿದು ಬರುವ ದೃಶ್ಯವನ್ನು ನಿಮ್ಮತ್ತೆಗೆ ಇನ್ನೊಮ್ಮೆ ತೋರಿಸಿ. ಇಪ್ಪತ್ತು ದಾಟಿದ ಹುಡುಗಿಗೆ ಕೆಟಲಿನಲ್ಲಿ ನೀರು ಕಾಯಿಸಲೂ ಗೊತ್ತಿಲ್ಲ. ಅಡುಗೆಯ ಮಿಸೆಸ್ ಪ್ಯಾಟ್ಮೋರ್, ಸಹಾಯಕಿ ಡೇಸಿ ಇಬ್ಬರೂ ಕಕ್ಕಾಬಿಕ್ಕಿ. ನಮ್ಮ ಕಡೆ ಇಂಥ ಹುಡುಗಿಯನ್ನು ಅತ್ತೆಮನೆಗೆ ಕಳಿಸಿದ್ದರೆ ತವರಿನವರ ಮಾನ ಹೋಗುತ್ತಿತ್ತು. ಅಲ್ಲಿ ಗೊತ್ತಿರುವುದೇ ಮಾನಕ್ಕೆ ಕಡಿಮೆ. ಅವಳು ಸಂಕೋಚವಿಲ್ಲದೆ, ತನ್ನ ಮನೆಯ ಆಳುಗಳನ್ನೇ ಗುರುಗಳೆಂದು ಒಪ್ಪಿಕೊಂಡು ಕಲಿಯುತ್ತಾಳೆ. ಸಿಬಿಲ್ ಒಳ್ಳೆಯವಳು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅಲ್ಲಿಯೇ, ಸೈನಿಕನ ಕೈ ಹಿಡಿದು ಸಮಾಧಾನ ಹೇಳುವಾಗಲ್ಲ.

ಈಗ ನಿಮ್ಮತ್ತೆಯ ಮಾತು, ಇಂಥವರು ಕಥೆಯಲ್ಲಿ ಮಾತ್ರ ಅಂದದ್ದು. ಇದ್ದರು. ಒಬ್ಬಳ ಕಥೆ ಹೇಳುತ್ತೇನೆ, ನಮಗೂ ಅವಳಿಗೂ ಒಂದು ಕಹಿ ನಂಟಿದೆ.

ಲೇಡಿ ಕಾನ್‌ಸ್ಟನ್ಸ್ ಲಿಟನ್, ಹುಟ್ಟಿದ್ದು 1869ರಲ್ಲಿ. ಅಪ್ಪ ಲಿಟನ್ ಪ್ರಭು 1876ರಿಂದ 1880ರವರೆಗೆ ಭಾರತದ ವೈಸರಾಯ್. ಅವಳ ಬಾಲ್ಯದ ಕೆಲವು ವರ್ಷ ಕಳೆದದ್ದು ಇಲ್ಲಿಯೇ. 1877ರ ಜನವರಿ 1ರಂದು ಆ ಅಪ್ಪ ದೆಹಲಿಯಲ್ಲಿ ಭಾರೀ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ಹೊತ್ತಿನಲ್ಲಿ ಮೈಸೂರು ಸೀಮೆ, ಬಳ್ಳಾರಿ ಕಡೆಯಲ್ಲೆಲ್ಲ ಧಾತು, ಈಶ್ವರ ಸಂವತ್ಸರಗಳ ಬರ. 1871ರ ಗಣತಿಯಲ್ಲಿ 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಅಂಥ ಅಪ್ಪನ ಮಗಳು.

ನಾಚಿಕೆಯ ಸ್ವಭಾವ, ಸಸ್ಯಾಹಾರಿ, ಹೃದಯ ದುರ್ಬಲ. ಹರೆಯದಲ್ಲಿ ಒಬ್ಬನನ್ನು ಮೆಚ್ಚಿದ್ದಳು, ಅವನ ಅಂತಸ್ತು ಕಡಿಮೆ ಅಂತ ಅಮ್ಮ ಒಪ್ಪಲಿಲ್ಲ. ಅಮ್ಮನ ಮನಸ್ಸು ಕರಗಲಿ ಅಂತ ವರ್ಷಗಟ್ಟಲೆ ಕಾದಳು, ಕರಗಲಿಲ್ಲ, ಕೊನೆಗೂ ಮದುವೆಯಾಗಲಿಲ್ಲ. (ಅವಳ ತಂಗಿ ಎಮಿಲಿಯ ಗಂಡನೇ ನವದೆಹಲಿಯ ನಕಾಶೆ ಬರೆದ ಲುಟ್ಯನ್ಸ್.) ನಲವತ್ತರ ಹತ್ತಿರ, 1908ರಲ್ಲಿ, ಲಿಟಲ್‌ಹ್ಯಾಂಪ್ಟನ್ ಎಂಬ ಕಡಲೂರಿನಲ್ಲಿದ್ದಾಗ ಒಂದು ದಿನ ಕಸಾಯಿಖಾನೆಗೆ ಹೊಡೆದೊಯ್ಯುತ್ತಿದ್ದ ಮುದಿ ಕುರಿಯೊಂದು ತಪ್ಪಿಸಿಕೊಂಡು ಓಡಿತು. ಜನ ಸುತ್ತ ನಿಂತು ನಗುತ್ತಿದ್ದರು. ಹಿಡಿದವನೊಬ್ಬ ಅದರ ಮೂತಿಗೆ ಬಡಿದ. ಇವಳಿಗೆ ಸಿಟ್ಟು ನೆತ್ತಿಗೇರಿ ಅವನನ್ನು ತಡೆದು ಕೇಳಿದಳು. ಹೆಂಗಸರ ಸ್ಥಿತಿ ಏನೆಂದು ತನಗೆ ಹೊಳೆದದ್ದು ಆ ಕುರಿಯಿಂದ ಅಂತ ಮುಂದೆ ತಾನೇ ಬರೆದುಕೊಂಡಿದ್ದಾಳೆ. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಸಫ್ರಜೆಟ್‌ಗಳ ಗುಂಪಿಗೆ ಸೇರಿದಳು.

1909ರಲ್ಲಿ ನ್ಯೂಕಾಸಲ್‌ನಲ್ಲಿ ಬಂಧನ. ಜೈಲಿನಲ್ಲಿ ಉಪವಾಸ ಕೂತಳು. ವೈದ್ಯರು ಬಂದು ಹೃದಯ ಪರೀಕ್ಷಿಸಿ, ಈಕೆಗೆ ತಡೆಯುವುದಿಲ್ಲ ಅಂತ ಬಿಡುಗಡೆ ಮಾಡಿಸಿದರು. ಜತೆಗೆ ಉಪವಾಸ ಕೂತಿದ್ದ ಸಾಮಾನ್ಯ ಹೆಂಗಸರಿಗೆ ಮಾತ್ರ ಕೊಳವೆ ತುರುಕಿ ಬಲವಂತದ ಆಹಾರ. ತನ್ನನ್ನು ಬಿಟ್ಟದ್ದು ಹೃದಯಕ್ಕಾಗಿಯೋ, ಹೆಸರಿನ ಹಿಂದಿನ ‘ಲೇಡಿ’ಗಾಗಿಯೋ? ಅದನ್ನು ಒರೆಗೆ ಹಚ್ಚಿಯೇ ನೋಡಿದಳು. 1910ರ ಜನವರಿಯಲ್ಲಿ ಕೂದಲು ಕತ್ತರಿಸಿಕೊಂಡು, ಅಗ್ಗದ ಕೋಟು, ಕನ್ನಡಕ ಹಾಕಿಕೊಂಡು, ‘ಜೇನ್ ವಾರ್ಟನ್’ ಎಂಬ ದರ್ಜಿ ಹೆಂಗಸಾಗಿ ಲಿವರ್‌ಪೂಲಿನಲ್ಲಿ ಬಂಧನಕ್ಕೊಳಗಾದಳು. ವಾಲ್ಟನ್ ಜೈಲಿನಲ್ಲಿ ಯಾರೂ ಹೃದಯ ಪರೀಕ್ಷೆ ಮಾಡಲಿಲ್ಲ. ಎಂಟು ಸಲ ಕೊಳವೆ ಇಳಿಸಿದರು. ಮೊದಲ ಸಲ ಮುಗಿದ ಮೇಲೆ ವೈದ್ಯ ಕೆನ್ನೆಗೊಂದು ತಟ್ಟಿ ಹೋದನಂತೆ. ದರ್ಜಿಯ ಕೆನ್ನೆ ತಾನೇ. ನಿಜ ಗೊತ್ತಾದ ತಕ್ಷಣ ಬಿಡುಗಡೆ. 1912ರಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಬರೆಯುವುದನ್ನು ಕಲಿತು ತನ್ನ ಜೈಲಿನ ಅನುಭವ ಬರೆದಳು, 1914ರಲ್ಲಿ ಅದು ಪ್ರಕಟವಾದಾಗ ಲೇಖಕಿಯರೆಂದು ತನ್ನ ಹೆಸರಿನ ಜತೆ ಜೇನ್ ವಾರ್ಟನ್ ಹೆಸರನ್ನೂ ಹಾಕಿಸಿದಳು. 1923ರಲ್ಲಿ ತೀರಿಕೊಂಡಳು.

ನಿಮ್ಮತ್ತೆ ಹೇಳಿದ್ದರಲ್ಲಿ ಸರಿಯಾದ ಅರ್ಧ ಇಲ್ಲಿದೆ. ಒಳ್ಳೆಯವರು ದೊಡ್ಡಮನೆಯಲ್ಲೂ ಹುಟ್ಟುತ್ತಿದ್ದರು. ಆದರೆ ಅಷ್ಟು ಚೆಲುವಾಗಿ, ಅಷ್ಟು ಸಲೀಸಾಗಿ, ಎಲ್ಲರ ಮುದ್ದಿನ ಮಗಳಾಗಿಯೇ ಉಳಿದುಕೊಂಡು ಒಳ್ಳೆಯವರಾಗಿರುವುದು ಕಥೆಯಲ್ಲಿ ಮಾತ್ರ. ನಿಜ ಜೀವನದಲ್ಲಿ ಅಂತಸ್ತೆಂಬ ಗುರಾಣಿಯನ್ನು ಕೆಳಗಿಟ್ಟ ಮರುಗಳಿಗೆಯೇ ಕೆನ್ನೆಗೆ ಏಟು ಬೀಳುತ್ತಿತ್ತು. ಸಿಬಿಲ್ ಕೈಯಿಂದ ಫೆಲೋಸ್ ಆ ಗುರಾಣಿಯನ್ನು ಒಮ್ಮೆಯೂ ಬಿಡಿಸುವುದಿಲ್ಲ.

ಇನ್ನೊಬ್ಬಳನ್ನೂ ಹೆಸರಿಸದೆ ಮುಂದೆ ಹೋಗಲಾರೆ. ರಾಜಕುಮಾರಿ ಸೋಫಿಯಾ ದುಲೀಪ್ ಸಿಂಗ್, ಪಂಜಾಬಿನ ರಣಜಿತ್ ಸಿಂಗರ ಮೊಮ್ಮಗಳು, ವಿಕ್ಟೋರಿಯಾ ರಾಣಿಯ ಧರ್ಮಪುತ್ರಿ. ರಾಣಿಯೇ ಕೊಟ್ಟ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿದ್ದುಕೊಂಡು, ಅದೇ ಅರಮನೆಯ ಬಾಗಿಲಲ್ಲಿ ನಿಂತು ಸಫ್ರಜೆಟ್‌ಗಳ ಪತ್ರಿಕೆ ಮಾರುತ್ತಿದ್ದಳು. ಮತ ಕೊಡದಿದ್ದರೆ ತೆರಿಗೆಯೂ ಇಲ್ಲ ಅಂದಳು, ಅವಳ ವಜ್ರದ ಉಂಗುರ ಜಪ್ತಿ ಮಾಡಿ ಹರಾಜಿಗಿಟ್ಟರು, ಸ್ನೇಹಿತೆಯರು ಕೊಂಡು ವಾಪಸು ಕೊಟ್ಟರು. ಯುದ್ಧ ಬಂದಾಗ ಬ್ರೈಟನ್ನಿನಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆರೈಕೆಗೆ ನಿಂತಳು. ಅವಳ ಅಣ್ಣ ವಿಕ್ಟರ್, ಹೈಕ್ಲಿಯರ್‌ನ ಕಾರ್ನಾರ್ವನ್ ಪ್ರಭುವಿನ ಆಪ್ತ ಗೆಳೆಯ. ಸಿಬಿಲ್ ಓಡಾಡುವ ಆ ಮನೆಯ ನಿಜವಾದ ಒಡೆಯರ ಬಳಗದಲ್ಲೇ, ನಮ್ಮ ಕಡೆಯ ರಕ್ತದಲ್ಲಿ, ಇಂಥವಳೊಬ್ಬಳು ಇದ್ದಳು ನೋಡಿ. ಧಾರಾವಾಹಿಯವರಿಗೆ ಅವಳ ನೆನಪಾಗಲಿಲ್ಲ.

ಮದುವೆಯ ವಿಷಯ ಬೇಗ ಮುಗಿಸುತ್ತೇನೆ. ಗಂಡಸರು ಅಂತಸ್ತು ಮೀರಿ ಮದುವೆಯಾಗುವುದು ಆಗ ಹೊಸದೇನಲ್ಲ. 1901ರಲ್ಲಿ ಹೆಡ್‌ಫರ್ಟ್ ಮಾರ್ಕ್ವೆಸ್, ಲಂಡನ್ನಿನ ಗೈಯಟಿ ನಾಟಕಶಾಲೆಯ ರೋಸಿ ಬೂಟ್ ಎಂಬ ನಟಿಯನ್ನು ಮದುವೆಯಾದ, ನಾಲ್ಕು ದಿನ ಗುಲ್ಲೆದ್ದು ತಣ್ಣಗಾಯಿತು. ಬಂದ ಹೆಣ್ಣಿಗೆ ಗಂಡನ ಬಿರುದು ಸಿಗುತ್ತದೆ, ಅವಳು ಮೇಲೇರುತ್ತಾಳೆ. ಮಗಳು ಕೆಳಗಿನವನನ್ನು ಕಟ್ಟಿಕೊಂಡರೆ ಇಡೀ ಮನೆ ಕೆಳಗಿಳಿದ ಹಾಗೆ ಅನ್ನುವ ಲೆಕ್ಕ. ನಮಗೇನು ಅದು ಅಪರಿಚಿತ ಲೆಕ್ಕವೇ? ಹಾಗಾಗಿ ಮನೆಯ ಡ್ರೈವರ್ ಟಾಮ್ ಬ್ರಾನ್ಸನ್, ಅದೂ ಐರಿಶ್, ಕ್ಯಾಥೊಲಿಕ್, ಸಮಾಜವಾದಿ, ಇಂಥವನ ಜತೆ ಅರ್ಲ್ ಮಗಳ ಮದುವೆ ಬಲು ಅಪರೂಪ. ಆದರೆ ಕಾನೂನಿನ ಅಡ್ಡಿ ಇರಲಿಲ್ಲ. ಅರ್ಲ್ ಮಗಳಿಗೆ ‘ಲೇಡಿ’ ಹುಟ್ಟಿನಿಂದ ಬಂದದ್ದು, ಯಾರನ್ನು ಮದುವೆಯಾದರೂ ಹೋಗುವುದಿಲ್ಲ. ಅದಕ್ಕೇ ಅವಳು ಕೊನೆಯವರೆಗೂ ಲೇಡಿ ಸಿಬಿಲ್ ಬ್ರಾನ್ಸನ್, ಗಂಡ ಬರೀ ಮಿಸ್ಟರ್.

ಇಲ್ಲೊಂದು ಕಡೆ ಧಾರಾವಾಹಿ ಎಡವಿದೆ. ಎರಡನೆಯ ಸೀಸನ್ನಿನಲ್ಲಿ ಇಬ್ಬರೂ ರಾತ್ರೋರಾತ್ರಿ ಸ್ಕಾಟ್ಲೆಂಡ್ ಗಡಿಯ ಗ್ರೆಟ್ನಾ ಗ್ರೀನ್‌ಗೆ ಓಡಿಹೋಗಲು ಹೊರಡುತ್ತಾರೆ, ಮೇರಿ ಬೆನ್ನಟ್ಟಿ ಬಂದು ದಾರಿಯಲ್ಲಿ ತಡೆಯುತ್ತಾಳೆ. ಗ್ರೆಟ್ನಾ ಗ್ರೀನ್ ಎಂದರೆ ಹಳೆಯ ಕಾದಂಬರಿಗಳ ಓಡಿಹೋದ ಜೋಡಿಗಳ ಕಾಶಿ. ಆದರೆ 1856ರಲ್ಲೇ ಕಾನೂನು ಬದಲಾಗಿತ್ತು, ವಧೂವರರಲ್ಲಿ ಒಬ್ಬರಾದರೂ ಮೂರು ವಾರ ಸ್ಕಾಟ್ಲೆಂಡಿನಲ್ಲಿ ವಾಸವಿದ್ದಿರಬೇಕು. ರಾತ್ರಿ ಹೋಗಿ ಬೆಳಿಗ್ಗೆ ತಾಳಿ ಕಟ್ಟಿಸಿಕೊಂಡು ಬರುವ ಕಾಲ ಹೋಗಿ ಅರವತ್ತು ವರ್ಷವಾಗಿತ್ತು. ಅಲ್ಲದೆ ಸಿಬಿಲ್‌ಗೆ ಇಪ್ಪತ್ತೊಂದು ತುಂಬಿತ್ತು, ಇಂಗ್ಲೆಂಡಿನಲ್ಲೇ ಅಪ್ಪನ ಒಪ್ಪಿಗೆ ಇಲ್ಲದೆ ಮದುವೆಯಾಗಬಹುದಿತ್ತು. ಪಾಪ, ಸುಮ್ಮನೆ ಪೆಟ್ರೋಲು ದಂಡ.

ಮದುವೆಯಾಗಿ ಡಬ್ಲಿನ್‌ಗೆ ಹೋಗುತ್ತಾರೆ. ಅಲ್ಲಿ 1919ರಿಂದ ಸ್ವಾತಂತ್ರ್ಯದ ಯುದ್ಧ, ಜಮೀನ್ದಾರರ ಬಂಗಲೆಗಳಿಗೆ ಬೆಂಕಿ. ಅಂಥದೊಂದು ಬೆಂಕಿಯ ಪ್ರಕರಣದಲ್ಲಿ ಟಾಮ್ ಹೆಸರು ಬಂದು ರಾತ್ರೋರಾತ್ರಿ ಐರ್ಲೆಂಡ್ ಬಿಡಬೇಕಾಗುತ್ತದೆ, ಮತ್ತೆ ಕಾಲಿಟ್ಟರೆ ಜೈಲು. ಹಾಗಾಗಿ ಸಿಬಿಲ್ ಹೆರಿಗೆಗೆ ತವರಿನಲ್ಲೇ ಉಳಿಯುತ್ತಾಳೆ. ನಿಮ್ಮ ಮನೆಯಲ್ಲಿ ಆ ಎಪಿಸೋಡು ಅಷ್ಟು ತಟ್ಟಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಊಹೆ.

ಇನ್ನು ಆ ಸಾವು. 1920, ಸಿಬಿಲ್‌ಗೆ ಇಪ್ಪತ್ತೈದೂ ತುಂಬಿಲ್ಲ. ಊರಿನ ವೈದ್ಯ ಕ್ಲಾರ್ಕ್‌ಸನ್, ಅವಳನ್ನು ಚಿಕ್ಕಂದಿನಿಂದ ಬಲ್ಲವನು. ಕಾಲಿನ ಗಂಟು ಊದಿದೆ, ಮಾತು ಅಸ್ತವ್ಯಸ್ತವಾಗಿದೆ, ಮಗು ಸಣ್ಣದಿದೆ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇದೆ, ಇದು ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾಕ್ಕೆ ತಿರುಗಬಹುದು, ಈಗಲೇ ಆಸ್ಪತ್ರೆಗೆ ಒಯ್ದು ಸಿಸೇರಿಯನ್ ಮಾಡೋಣ ಅನ್ನುತ್ತಾನೆ. ಲಂಡನ್ನಿನಿಂದ ಅರ್ಲ್ ಕರೆಸಿದ ಸರ್ ಫಿಲಿಪ್, ದೊಡ್ಡದೊಡ್ಡ ಮನೆತನಗಳ ಹೆರಿಗೆ ವೈದ್ಯ. ಕಾಲು ದಪ್ಪ ಇರಬಹುದು, ಎಷ್ಟೋ ಹೆಂಗಸರಿಗೆ ಇರುತ್ತದೆ ಅಂತ ತಳ್ಳಿಹಾಕುತ್ತಾನೆ. ತಾಯಿ ಕೋರಾ ಆಸ್ಪತ್ರೆ ಅನ್ನುತ್ತಾಳೆ, ತಂದೆ ‘ಸರ್’ ಹೇಳಿದ ಮೇಲೆ ಮುಗಿಯಿತು ಅನ್ನುತ್ತಾನೆ. ಮಗು ಹುಟ್ಟುತ್ತದೆ, ಎಲ್ಲ ನಿರಾಳ. ಆ ರಾತ್ರಿಯೇ ಫಿಟ್ಸ್ ಶುರುವಾಗುತ್ತದೆ.

ಆ ರೋಗದ ಚಿತ್ರಣ ಅಚ್ಚುಕಟ್ಟಾಗಿದೆ. ಹೆರಿಗೆಯಾದ ಮೇಲೂ ಎಕ್ಲಾಂಪ್ಸಿಯಾ ಬರಬಹುದು ಎಂಬುದು ಇವತ್ತಿಗೂ ಬಹಳ ಜನರಿಗೆ ಗೊತ್ತಿಲ್ಲ. ಆದರೆ ಸಿಸೇರಿಯನ್ ಮಾಡಿದ್ದರೆ ಉಳಿಯುತ್ತಿದ್ದಳೇ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಆಂಟಿಬಯಾಟಿಕ್ ಇಲ್ಲದ, ರಕ್ತ ಕೊಡುವ ಏರ್ಪಾಟು ಇನ್ನೂ ಕಣ್ಣುಬಿಡುತ್ತಿದ್ದ ಕಾಲ. ಇಂಥ ರೋಗಿಯ ಹೊಟ್ಟೆ ಕೊಯ್ಯುವುದೇ ದೊಡ್ಡ ಜೂಜು. ವೈದ್ಯರಲ್ಲೇ ಎರಡು ಬಣ. ಒಂದು ಬಣ ಬೇಗ ಮಗು ತೆಗೆಯಿರಿ ಅನ್ನುತ್ತಿತ್ತು. ಇನ್ನೊಂದು ಬಣ, ರಷ್ಯಾದ ಸ್ಟ್ರೋಗನಾಫ್ ಎಂಬ ವೈದ್ಯನ ಹಾಗೆ, ಕತ್ತಲು ಕೋಣೆಯಲ್ಲಿ ಸದ್ದಿಲ್ಲದೆ ಮಲಗಿಸಿ ಮಾರ್ಫಿನ್, ಕ್ಲೋರಲ್ ಕೊಟ್ಟು ಫಿಟ್ಸ್ ತಣಿಸಿ, ಕತ್ತಿ ದೂರವಿಡಿ ಅನ್ನುತ್ತಿತ್ತು. ಈ ಎರಡನೆಯ ದಾರಿಗೆ ಹೆಸರಾಗಿದ್ದ ಇನ್ನೊಂದು ಜಾಗ ಯಾವುದು ಗೊತ್ತೇ? ಡಬ್ಲಿನ್ನಿನ ರೊಟಂಡಾ ಹೆರಿಗೆ ಆಸ್ಪತ್ರೆ, 1745ರಲ್ಲಿ ಶುರುವಾದದ್ದು. ಮಾರ್ಫಿನ್ ಕೊಟ್ಟು, ಹೊಟ್ಟೆ, ಕರುಳು ತೊಳೆಯುವ ಅವರ ಕ್ರಮ ಇಂದಿನ ಕಣ್ಣಿಗೆ ವಿಚಿತ್ರ, ಆದರೆ ಅವಸರದ ಆಪರೇಷನ್‌ಗಿಂತ ಅದರಲ್ಲೇ ಹೆಚ್ಚು ತಾಯಂದಿರು ಬದುಕುತ್ತಿದ್ದರು. ಡಬ್ಲಿನ್ನಿನ ಪುಟ್ಟ ಮನೆಯಲ್ಲಿ, ಬರೀ ಟಾಮ್‌ನ ಹೆಂಡತಿಯಾಗಿ ಉಳಿದಿದ್ದರೆ ಅವಳು ಆ ಆಸ್ಪತ್ರೆಯ ಬಾಗಿಲಲ್ಲೇ ಇರುತ್ತಿದ್ದಳು.

ಇನ್ನೂ ಒಂದಿದೆ, ತರಗತಿಯಲ್ಲಿ ಹೇಳಿದಾಗ ಮಕ್ಕಳು ನಂಬುತ್ತಿರಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಸಾವಿರ ಹೆರಿಗೆಗೆ ನಾಲ್ಕಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು, ಮೂವತ್ತರ ದಶಕದ ಮಧ್ಯದವರೆಗೂ ಆ ಸಂಖ್ಯೆ ಇಳಿಯಲೇ ಇಲ್ಲ. ಬೇರೆಲ್ಲ ರೋಗಗಳಲ್ಲಿ ಬಡವರು ಹೆಚ್ಚು ಸಾಯುತ್ತಿದ್ದರೆ, ಹೆರಿಗೆಯಲ್ಲಿ ಶ್ರೀಮಂತರ ಮನೆಯ ಹೆಂಗಸರೇ ಬಡವರಿಗಿಂತ ಒಂದು ಕೈ ಮುಂದೆ. ಬಡವರ ಹೆರಿಗೆಗೆ ಬರುತ್ತಿದ್ದದ್ದು ತರಬೇತಾದ ಸೂಲಗಿತ್ತಿ, ಅವಳು ಕಾಯುತ್ತಿದ್ದಳು. ಸಿರಿವಂತರ ಮನೆಗೆ ಬರುತ್ತಿದ್ದದ್ದು ಫೀಸು ಪಡೆಯುವ ಡಾಕ್ಟರು, ಅವನಿಗೆ ಇಕ್ಕಳ ಹಾಕಿ ಎಳೆದು ಮುಗಿಸುವ ಅವಸರ. ಸರ್ ಫಿಲಿಪ್ ಇಕ್ಕಳ ಹಿಡಿಯಲಿಲ್ಲ, ನಿಜ. ಆದರೆ ಅವನು ಆ ಕೋಣೆಗೆ ಬಂದದ್ದೇ ಅವಳು ಅರ್ಲ್ ಮಗಳು ಎಂಬ ಕಾರಣಕ್ಕೆ. ರಿಪನ್‌ನ ಗಲಾಟೆಯಿಂದ ಹಿಡಿದು ಎಲ್ಲ ಕಡೆ ಅವಳನ್ನು ಕಾಯ್ದ ಅಂತಸ್ತೇ ಆ ಒಂದು ರಾತ್ರಿ ಅವಳ ಕುತ್ತಿಗೆಗೆ ಬಂತು. ಗ್ವೆನ್‌ಗೆ ಇದೇ ತೊಂದರೆ ಆಗಿದ್ದರೆ ಕ್ಲಾರ್ಕ್‌ಸನ್ ಮಾತಿಗೆ ಎದುರು ಹೇಳುವವರು ಯಾರಿದ್ದರು?

ಆಮೇಲೆ ಅಜ್ಜಿ ವಯೊಲೆಟ್, ಕ್ಲಾರ್ಕ್‌ಸನ್‌ನನ್ನು ಕರೆಸಿ, ಹೇಗೂ ಉಳಿ‌ಯುವ ಸಂಭವ ತೀರಾ ಕಡಿಮೆ ಇತ್ತು ಅಂತ ಕೋರಾಳಿಗೆ ಹೇಳಿಸುತ್ತಾಳೆ, ಮುರಿದ ಸಂಸಾರ ಕೂಡಲಿ ಅಂತ. ಸುಳ್ಳು ಹೇಳಿಸಿದಳು ಅಂತ ಬಹಳ ಜನ ಸಿಟ್ಟಾಗುತ್ತಾರೆ. ನನ್ನ ಪ್ರಕಾರ ಅವನು ಸುಳ್ಳೆಂದು ಹೇಳಿದ ಮಾತು ಸತ್ಯಕ್ಕೆ ಅವನೆಣಿಸಿದ್ದಕ್ಕಿಂತ ಹತ್ತಿರವಿತ್ತು. ಅಂದಹಾಗೆ ಆ ಪಾತ್ರವನ್ನು ಸಾಯಿಸಿದ್ದರ ಹಿಂದೆ ತೀರ ಲೌಕಿಕ ಕಾರಣವಿದೆ. ನಟಿಯ ಮೂರು ವರ್ಷದ ಒಪ್ಪಂದ ಮುಗಿದಿತ್ತು, ಅವರು ಮುಂದುವರಿಯಲಿಲ್ಲ.

ಮತದಾನಕ್ಕಾಗಿ ತಲೆ ಒಡೆಸಿಕೊಂಡ ಸಿಬಿಲ್ ಒಮ್ಮೆಯೂ ಮತ ಹಾಕಿರಲಾರಳು. 1918ರ ಕಾನೂನು ಮತ ಕೊಟ್ಟದ್ದು ಮೂವತ್ತು ತುಂಬಿದ, ಅದೂ ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ. ಇಪ್ಪತ್ತೊಂದಕ್ಕೆ ಇಳಿದದ್ದು 1928ರಲ್ಲಿ. ಧಾರಾವಾಹಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗ್ವೆನ್ ಮಾತ್ರ ಆರನೆಯ ಸೀಸನ್ನಿನಲ್ಲಿ ಮತ್ತೆ ಬರುತ್ತಾಳೆ, ಈ ಸಲ ಅತಿಥಿಯಾಗಿ, ಮೇಲಿನ ಊಟದ ಮೇಜಿಗೆ. ನೀವಿನ್ನೂ ಅಲ್ಲಿಗೆ ತಲುಪಿಲ್ಲ, ಹೆಚ್ಚು ಹೇಳುವುದಿಲ್ಲ. ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ.

ಕೊನೆಗೆ ನಿಮ್ಮ ನಾದಿನಿ. ನಾನು ವೈದ್ಯೆಯಲ್ಲ. ಹೆರಿಗೆ ವೈದ್ಯೆಯಾಗಿರುವ ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ನಿಮ್ಮ ಪತ್ರ ಓದಿ ಹೇಳಿದೆ. ನಕ್ಕಳು, ಆಮೇಲೆ, “ದೊಡ್ಡಮ್ಮಾ, ಕಾಲು ನೋಡಿದರೆ ಸಾಕು ಅಂತ ಮಾತ್ರ ಬರೀಬೇಡಿ” ಅಂದಳು. ಏಳನೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಕಾಲು ಊದುವುದು ಬಹಳ ಬಸುರಿಯರಿಗೆ ಸಹಜವಂತೆ. ಕಾಲು ಊದದೆಯೂ ಈ ತೊಂದರೆ ಬರಬಹುದಂತೆ. ನೋಡಬೇಕಾದದ್ದು ತಾಯಿ ಕಾರ್ಡಿನಲ್ಲಿ ಪ್ರತಿ ಭೇಟಿಯಲ್ಲೂ ಬಿಪಿ, ಮೂತ್ರದ ಅಲ್ಬುಮಿನ್ ಎರಡನ್ನೂ ಬರೆದಿದ್ದಾರೆಯೇ ಅಂತ. ಬಿಪಿ 140/90 ಮುಟ್ಟಿದರೆ, ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮುಖ, ಕೈ ಇದ್ದಕ್ಕಿದ್ದ ಹಾಗೆ ಊದುವುದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾದ ಮೇಲೂ ಆರು ವಾರದವರೆಗೆ ಇದೇ ಎಚ್ಚರ. ಸಿಬಿಲ್ ಕಾಲದಲ್ಲಿ ಈ ರೋಗಕ್ಕೆ ಇನ್ನೂ ರೂಢಿಗೆ ಬಂದಿರದ ಮದ್ದು ಈಗಿದೆ, ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್. ಫಿಟ್ಸ್ ತಡೆಯಲು ಬೇರೆ ಔಷಧಿಗಳಿಗಿಂತ ಇದೇ ಮೇಲು ಅಂತ 1995ರಲ್ಲಿ ಹಲವು ದೇಶಗಳ ತಾಯಂದಿರ ಮೇಲೆ ನಡೆದ ಪರೀಕ್ಷೆಯಲ್ಲಿ ಖಚಿತವಾಯಿತು, ಅದರಲ್ಲಿ ನಮ್ಮ ದೇಶದವರೂ ಇದ್ದರು.

ಅತ್ತೆ ಬೆಳಿಗ್ಗೆ ಕಾಲು ಒತ್ತಿ ನೋಡುವುದನ್ನು ಬಿಡಿಸಬೇಡಿ, ನಾದಿನಿಗೂ ಹಿತವಾಗಿರಬಹುದು. ನೀವು ಕಾರ್ಡು ನೋಡಿ.